ಹದಿನಾರಕ್ಕೇ ಯೂನಿವರ್ಸಿಟಿಗೆ ಹೊರಟಿರುವ ನಿನ್ನ ಮಗನ ಬಗ್ಗೆ

ಲೋ ಗೆಳೆಯಾ,

ಮೊನ್ನೆ ಇಲ್ಲಿ ಸಿಯಾಟಲಿನ ಸಹ್ಯಾದ್ರಿ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಊಟದ ಸಾಲಿನಲ್ಲಿ ನಿಂತುಕೊಂಡು ಕೇಳಿದೆಯಲ್ಲ, "ನಿನ್ನ ಮಗಳು ಹೈಸ್ಕೂಲು ಮುಗಿಸದೇ ಯೂನಿವರ್ಸಿಟಿಗೆ ಹೋದಳಲ್ಲ, ಆ ಸೀಟು ಹೇಗೆ ಸಿಗುತ್ತೆ?" ಅಂತ. ಹಿಂದಿನವರು ತಟ್ಟೆ ಹಿಡಿದು ತಳ್ಳುತ್ತಿದ್ದರು, ನಾನು "ಆಮೇಲೆ ಹೇಳ್ತೀನಿ" ಅಂದೆ. ಆಮೇಲೆ ನೀನು ಕಾಣಲೇ ಇಲ್ಲ. ಈಗ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಕೇಳುವ ಅಪ್ಪಂದಿರು ಇನ್ನೂ ನಾಲ್ಕೈದು ಜನ ಇದ್ದಾರೆ, ಅವರೂ ಓದಿಕೊಳ್ಳಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ, ಬೈಯಬೇಡ.

ಮೊದಲು ಒಂದು ಗೊಂದಲ. ಹೈಸ್ಕೂಲು ಮುಗಿಸದೇ ಬರುವ ಮಕ್ಕಳನ್ನು ನೋಡಿಕೊಳ್ಳುವುದು ಯೂನಿವರ್ಸಿಟಿ ಆಫ್ ವಾಷಿಂಗ್ಟನ್‌ನ ರಾಬಿನ್ಸನ್ ಸೆಂಟರ್, ಅಲ್ಲಿ ಇರುವುದು ಎರಡು ದಾರಿ. ಹಾಲ್ಬರ್ಟ್ ರಾಬಿನ್ಸನ್ ಎಂಬ ಮನಶ್ಶಾಸ್ತ್ರದ ಪ್ರೊಫೆಸರ್ 1977ರಲ್ಲಿ ಶುರು ಮಾಡಿದ್ದು ಇನ್ನೂ ಚಿಕ್ಕ ಮಕ್ಕಳಿಗೆ. ಅವರು ಹೈಸ್ಕೂಲಿನ ಬದಲು ಒಂದು ವರ್ಷ ಟ್ರಾನ್ಸಿಷನ್ ಸ್ಕೂಲಿನಲ್ಲಿ ತಯಾರಾಗಿ ಯೂನಿವರ್ಸಿಟಿಗೆ ಇಳಿಯುತ್ತಾರೆ. ನಿನ್ನ ಮಗನಿಗೆ ಆ ವಯಸ್ಸು ದಾಟಿತು, ಬಿಡು. ನೀನು ಕೇಳುತ್ತಿರುವುದು 2001ರಲ್ಲಿ ಶುರುವಾದ ಅಕಾಡೆಮಿ. ಆನರ್ಸ್ ವಿಭಾಗದ ಜೊತೆ ಸೇರಿ ನಡೆಸುವ ಕಾರ್ಯಕ್ರಮ ಅದು. ಹತ್ತನೇ ಕ್ಲಾಸಿನಲ್ಲಿ ಇರುವಾಗ ಅರ್ಜಿ, ಮುಗಿದ ಮೇಲೆ ನೇರ ಯೂನಿವರ್ಸಿಟಿಯ ಮೊದಲ ವರ್ಷ. ವರ್ಷಕ್ಕೆ ತೆಗೆದುಕೊಳ್ಳುವುದು ಸುಮಾರು 35 ಮಕ್ಕಳನ್ನ.

"ಅದರಲ್ಲೇನಿದೆ, ನಾವೂ ಎಸ್ಸೆಸ್ಸೆಲ್ಸಿ ಮುಗಿಸಿ ಹದಿನಾರಕ್ಕೇ ಕಾಲೇಜಿಗೆ ಹೋಗಲಿಲ್ವಾ" ಅಂದೆ ನೀನು. ನಾನೂ ಹಾಗೇ ಅಂದುಕೊಂಡಿದ್ದೆ. ಅಮೆರಿಕದ ಅಪ್ಪ ಅಮ್ಮ ಇದನ್ನು ಕೇಳಿದರೆ ಗಾಬರಿ ಬೀಳುತ್ತಾರೆ, ನಮಗೆ ಸಹಜ ಅನ್ನಿಸುತ್ತದೆ. ಆದರೆ ನಮ್ಮ ಪಿಯುಸಿ ಹೆಸರಿಗಷ್ಟೇ ಕಾಲೇಜು ಕಣೋ. ಅಟೆಂಡೆನ್ಸ್ ಕಡಿಮೆಯಾದರೆ ಮನೆಗೆ ಪತ್ರ ಬರುತ್ತಿತ್ತು, ಓದೋಕೆ ಇಡೀ ವರ್ಷ ಸಿಗುತ್ತಿತ್ತು, ಅಕ್ಕಪಕ್ಕ ಕೂತವರೆಲ್ಲ ನಮ್ಮ ವಯಸ್ಸಿನವರೇ. ಇಲ್ಲಿ ಪಕ್ಕದಲ್ಲಿ ಕೂರುವವನಿಗೆ ಇಪ್ಪತ್ತೊಂದು. ಒಂದು ಕ್ವಾರ್ಟರ್ ಅಂದರೆ ಹತ್ತು ವಾರ ಪಾಠ, ಅಷ್ಟೇ. ಒಂದು ವಾರ ಜ್ವರ ಬಂದು ಮಲಗಿದರೆ ಹತ್ತರಲ್ಲಿ ಒಂದು ಭಾಗ ಹೋಯಿತು.

ದುಡ್ಡಿನ ಮಾತೂ ಈಗಲೇ ಆಡಿಬಿಡೋಣ, ನೀನು ಅದನ್ನು ಕೇಳಲಿಲ್ಲ, ಆದರೆ ನಿನ್ನ ಹೆಂಡತಿ ಕೇಳುತ್ತಾರೆ. ಅವನು ಹೈಸ್ಕೂಲು ಬಿಟ್ಟು ಪೂರ್ತಿ ಯೂನಿವರ್ಸಿಟಿ ವಿದ್ಯಾರ್ಥಿ ಆಗುತ್ತಾನೆ, ಆದ್ದರಿಂದ ಎರಡು ವರ್ಷ ಮೊದಲೇ ಫೀಸು ಶುರು. ನಮ್ಮ ವಾಷಿಂಗ್ಟನ್ ರಾಜ್ಯದ ರನ್ನಿಂಗ್ ಸ್ಟಾರ್ಟ್ ಎಂಬ ಯೋಜನೆ ಹಾಗಲ್ಲ. ಅದರಲ್ಲಿ ಹುಡುಗ ಹೈಸ್ಕೂಲಿನ ಹೆಸರಲ್ಲೇ ಉಳಿದು, ಬೆಲ್ವ್ಯೂ ಕಾಲೇಜಿನಂಥ ಕಡೆ ಟ್ಯೂಷನ್ ಫೀಸಿಲ್ಲದೆ ಪಾಠ ಕೇಳಬಹುದು. ಇನ್ನೊಂದು ವಿಷಯ, ಅವನು ಅಕಾಡೆಮಿ ಸೇರಿಬಿಟ್ಟರೆ ಎರಡು ವರ್ಷ ಆದಮೇಲೆ ಸ್ಟ್ಯಾನ್‌ಫರ್ಡಿಗೋ ಎಂಐಟಿಗೋ ಎಲ್ಲರ ಹಾಗೆ ಹೊಸಬನಾಗಿ ಅರ್ಜಿ ಹಾಕುವ ದಾರಿ ಮುಚ್ಚಿದ ಹಾಗೆ, ಟ್ರಾನ್ಸ್‌ಫರ್ ಕೇಳಬೇಕು. ನಿನ್ನ ತಲೆಯಲ್ಲಿ ಆ ಹೆಸರುಗಳು ಓಡಾಡುತ್ತಿದ್ದರೆ ಈ ಅರ್ಜಿಯೇ ಬೇಡ. ಹಾಗೇ ಕಂಪ್ಯೂಟರ್ ಸೈನ್ಸ್. ಯೂನಿವರ್ಸಿಟಿಗೆ ಸೇರುವುದು ಬೇರೆ, ಆ ವಿಭಾಗದಲ್ಲಿ ಜಾಗ ಸಿಗುವುದು ಬೇರೆ. ಅಕಾಡೆಮಿಯ ಮಾಹಿತಿ ಸಭೆಯಲ್ಲಿ ಇದನ್ನು ನೇರವಾಗಿ ಕೇಳಿ. ಕೇಳುವವನು ನೀನಲ್ಲ, ಅವನು.

ಈಗ ಅರ್ಜಿಯ ಜೊತೆ ಮಕ್ಕಳು ಬರೆದು ಕಳಿಸುವ ಪ್ರಬಂಧದ ಕಥೆ. ಇದರಲ್ಲಿ ನನ್ನ ಮಾನ ಹೋಗುತ್ತದೆ, ಆದರೂ ಹೇಳುತ್ತೇನೆ.

ನನ್ನ ಮಗಳು ಮೊದಲ ಕರಡು ಬರೆದು ತೋರಿಸಿದಾಗ ನಾನು ಕೆಂಪು ಪೆನ್ನು ಹಿಡಿದು ಕೂತೆ. ಅವಳು ಬರೆದಿದ್ದು ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನ ಬಗ್ಗೆ! ಹಿಂದಿನ ಬೇಸಿಗೆ ರಜೆಯಲ್ಲಿ ಬೆಂಗಳೂರಿಗೆ ಹೋದಾಗ ನಮ್ಮಪ್ಪ ಅವಳಿಗೆ, ಇದು ಮೊದಲು ಧರ್ಮಾಂಬುಧಿ ಕೆರೆ ಕಣಮ್ಮ, ಕೆರೆಯ ಮೇಲೆ ನಿಂತು ಬಸ್ಸು ಕಾಯ್ತಿದ್ದೀವಿ ನಾವು, ಅಂದಿದ್ದರು. ಅದು ಅವಳ ತಲೆಯಲ್ಲಿ ಕೂತುಬಿಟ್ಟಿತು. ವಾಪಸ್ ಬಂದು, ಹಾಗಾದರೆ ನಮ್ಮೂರಲ್ಲಿ ಯಾವ ನೀರು ಮಾಯವಾಗಿದೆ ಅಂತ ಹುಡುಕೋಕೆ ಶುರು ಮಾಡಿದಳು. ಸಿಕ್ಕಿತು. 1916ರಲ್ಲಿ ಹಡಗಿನ ಕಾಲುವೆಗಾಗಿ ಸಿಯಾಟಲ್ ಪಕ್ಕದ ಲೇಕ್ ವಾಷಿಂಗ್ಟನ್ ಸರೋವರದ ಮಟ್ಟವನ್ನು ಸುಮಾರು 9 ಅಡಿ ಇಳಿಸಿದರಂತೆ, ಆಗ ರೆಂಟನ್ ಹತ್ತಿರ ಆ ಸರೋವರದಿಂದ ಹೊರಡುತ್ತಿದ್ದ ಬ್ಲ್ಯಾಕ್ ರಿವರ್ ಎಂಬ ನದಿ ಒಣಗಿಯೇ ಹೋಯಿತು. ಅದರ ದಂಡೆಯ ಮೇಲೆ ಬದುಕಿದ್ದ ಡುವಾಮಿಶ್ ಎಂಬ ಮೂಲನಿವಾಸಿ ಜನರ ಗತಿ ಏನಾಯಿತು ಅಂತ ಇವಳ ಪ್ರಶ್ನೆ. ಕ್ಲಾಸಿನಲ್ಲಿ ಕೇಳಿದರೆ, ಒಳ್ಳೆಯ ಪ್ರಶ್ನೆ, ಆದರೆ ಈ ವರ್ಷ ಅದಕ್ಕೆ ಸಮಯವಿಲ್ಲ ಅಂದರಂತೆ. ಮೂರು ಶನಿವಾರ ಲೈಬ್ರರಿಯಲ್ಲಿ ಹಳೆಯ ನಕ್ಷೆ ನೋಡಿಕೊಂಡು ಕೂತಳು. ಒಂದು ಭಾನುವಾರ ನನ್ನ ಕೈಲಿ ಕಾರು ಓಡಿಸಿಕೊಂಡು ಇಲ್ಲದ ನದಿ ನೋಡೋಕೆ ಹೋದಳು.

ನಾನೇನು ಮಾಡಿದೆ ಹೇಳು? ಅದನ್ನೆಲ್ಲ ಹೊಡೆದು ಹಾಕಿ, ಸೈನ್ಸ್ ಒಲಿಂಪಿಯಾಡ್ ಪದಕದಿಂದ ಶುರು ಮಾಡು ಅಂದೆ. ಕೊನೆಗೆ "ಸಮಾಜಕ್ಕೆ ಕೊಡುಗೆ" ಅಂತ ಒಂದು ಸಾಲು ನಾನೇ ಸೇರಿಸಿದೆ. ಅವಳು ಓದಿ ನೋಡಿ, "ಅಪ್ಪಾ, ಇದು ಯಾರು?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕೊನೆಗೆ ಹೋಗಿದ್ದು ಕೆರೆ, ನದಿ ಎರಡೂ ಇದ್ದ ಅವಳದೇ ಕರಡು. ಪದಕಗಳೆಲ್ಲ ಪಟ್ಟಿಯಲ್ಲಿ ಒಂದೊಂದು ಸಾಲು.

ಸಿಇಟಿ ನೋಡಿ ಬೆಳೆದ ನಮಗೆ ರ‍್ಯಾಂಕು ಅಂದರೆ ಸೀಟು. ಇಷ್ಟು ಅಂಕಕ್ಕೆ ಇಷ್ಟನೇ ಸೀಟು ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ. ಅರ್ಜಿ ಹಾಕುವ ಮಕ್ಕಳೆಲ್ಲ ಅಂಕ ಇರುವವರೇ. ಓದುವವರು ಹುಡುಕುವುದು ಬೇರೆ ಅಂತ ನನಗೆ ಅನ್ನಿಸುತ್ತದೆ: ಈ ಹುಡುಗನಿಗೆ ಇನ್ನೆರಡು ವರ್ಷ ಹೈಸ್ಕೂಲು ಯಾಕೆ ಸಾಲುವುದಿಲ್ಲ? "ಬೋರಾಗುತ್ತೆ" ಅಂದರೆ ಅದು ಉತ್ತರ ಅಲ್ಲ, ಬೋರು ಯೂನಿವರ್ಸಿಟಿಯಲ್ಲೂ ಬೇಕಾದಷ್ಟಿದೆ. ನಿನ್ನ ಮಗ ಯಾವುದರ ಬೆನ್ನು ಹತ್ತಿದ್ದಾನೆ, ಕೇಳಿದ್ದೀಯಾ? ನಿನಗೆ ಗೊತ್ತಿಲ್ಲದಿದ್ದರೆ ಪರವಾಗಿಲ್ಲ. ಅವನಿಗೂ ಗೊತ್ತಿಲ್ಲದಿದ್ದರೆ ಸ್ವಲ್ಪ ನಿಲ್ಲಿ.

ಶಿಫಾರಸು ಪತ್ರಕ್ಕೆ ಸುಲಭವಾಗಿ 'ಎ' ಗ್ರೇಡು ಕೊಟ್ಟ ಮೇಷ್ಟ್ರನ್ನು ಹಿಡಿಯಬೇಡಿ. ಅವರು "ಜಾಣ ಹುಡುಗ, ಮರ್ಯಾದಸ್ಥ" ಅಂತ ಬರೆಯುತ್ತಾರೆ, ಮುಗಿಯಿತು. ಅವನು ಒದ್ದಾಡಿದ್ದನ್ನು, ತಪ್ಪು ಉತ್ತರ ಹಿಡಿದು ಮತ್ತೆ ಮತ್ತೆ ಬಂದು ಕೇಳಿದ್ದನ್ನು ನೋಡಿದವರು ಬೇಕು. ಒಂದು ತಿಂಗಳು ಮುಂಚೆ ಕೇಳಲಿ, ತಾನೇ ಹೋಗಿ ಕೇಳಲಿ. ಮೈಸೂರು ಪಾಕಿನ ಡಬ್ಬಿ ಹಿಡಿದು ನೀನು ಹೋಗಬೇಡ ಮಾರಾಯ, ನಿನ್ನನ್ನು ನಾನು ಬಲ್ಲೆ.

"ಅವನು, ಅವನು" ಅಂತ ಯಾಕೆ ಹೇಳುತ್ತಿದ್ದೇನೆ ಅಂದರೆ, ಸೇರಿದ ದಿನದಿಂದ ನೀನು ಲೆಕ್ಕಕ್ಕೇ ಇಲ್ಲ. ಇಲ್ಲಿನ ಕಾನೂನಿನ ಪ್ರಕಾರ ಕಾಲೇಜಿಗೆ ಸೇರಿದ ಮಗುವಿನ ದಾಖಲೆಯ ಮೇಲಿನ ಹಕ್ಕು ಆ ಮಗುವಿನದೇ, ಹದಿನೆಂಟು ತುಂಬಿರಬೇಕು ಅಂತೇನೂ ಇಲ್ಲ. ಹೈಸ್ಕೂಲಿನಲ್ಲಿ ದಿನಾ ರಾತ್ರಿ ಆ್ಯಪ್ ತೆಗೆದು ಅಂಕ ನೋಡುತ್ತಿದ್ದೆವಲ್ಲ, ಆ ಆಟ ನಿಂತಿತು. ಮೊದಲ ಕ್ವಾರ್ಟರಿನಲ್ಲಿ ಮಗಳಿಗೆ ಕೆಮಿಸ್ಟ್ರಿಯಲ್ಲಿ 2.7 ಬಂತು, ನಾಲ್ಕಕ್ಕೆ. ಹುಟ್ಟಿದಾಗಿನಿಂದ ಅಂಥ ಅಂಕ ನೋಡಿರಲಿಲ್ಲ ಅವಳು. ನನಗೆ ಹೇಳಿದ್ದೂ ಹದಿನೈದು ದಿನ ಆದಮೇಲೆ. ನಾನು ಪ್ರೊಫೆಸರ್‌ಗೆ ಮೇಲ್ ಬರೆಯೋಕೆ ಲ್ಯಾಪ್‌ಟಾಪ್ ತೆಗೆದೆ. "ಬರೆದ್ರೆ ನಾನು ಮನೆಗೇ ಬರಲ್ಲ" ಅಂದಳು. ಅಷ್ಟರಲ್ಲಾಗಲೇ ತಾನೇ ಹೋಗಿ ಅವರ ಆಫೀಸಿನಲ್ಲಿ ಕೂತು, ಎಲ್ಲಿ ತಪ್ಪಿದೆ ಅಂತ ಕೇಳಿಕೊಂಡು ಬಂದಿದ್ದಳು. ಹಾಗೆ ಹೋಗಿ ಕೇಳುವ ಅಭ್ಯಾಸ ನಿನ್ನ ಮಗನಿಗೆ ಈಗಲೇ ಇದೆಯಾ? ದಂತವೈದ್ಯರ ಅಪಾಯಿಂಟ್‌ಮೆಂಟು ಅವನೇ ಫೋನು ಮಾಡಿ ತೆಗೆದುಕೊಳ್ಳುತ್ತಾನಾ? ನಗಬೇಡ, ನಾನು ಎರಡನ್ನೂ ಒಂದೇ ಅಂದುಕೊಂಡಿದ್ದೇನೆ.

ಒಂಟಿತನದ ಬಗ್ಗೆ ನೀನು ಕೇಳಲಿಲ್ಲ. ಹಳೆಯ ಸ್ನೇಹಿತೆಯರ ಜೊತೆ ಸಲಿಗೆ ಕಡಿಮೆಯಾಯಿತು, ಅವರ ಪ್ರಾಮ್, ಅಂದರೆ ಹೈಸ್ಕೂಲಿನ ಡ್ಯಾನ್ಸ್ ಪಾರ್ಟಿಯ ಫೋಟೋ ನೋಡಿ ಒಂದು ಸಂಜೆ ಸುಮ್ನೆ ಕೂತಿದ್ದಳು. ಅಕಾಡೆಮಿಯ ಮಕ್ಕಳೇ ಒಂದು ಗುಂಪಾದರು, ಅದು ಕಾಪಾಡಿತು.

ಸಿಗದಿದ್ದರೆ? ನಮ್ಮ ಬೀದಿಯಲ್ಲೇ ಇಬ್ಬರಿಗೆ ಸಿಗಲಿಲ್ಲ. ಒಬ್ಬ ರನ್ನಿಂಗ್ ಸ್ಟಾರ್ಟಿಗೆ ಹೋದ, ಇನ್ನೊಬ್ಬಳು ಹೈಸ್ಕೂಲು ಮುಗಿಸಿ ಇದೇ ಯೂನಿವರ್ಸಿಟಿಗೆ ಎಲ್ಲರ ಜೊತೆ ಬಂದಳು. ಸಂಘದ ಊಟದಲ್ಲಿ ಮಾತ್ರ ಮೊದಲೇ ಡಂಗುರ ಹೊಡೆಯಬೇಡ. ಆಮೇಲೆ "ಏನಾಯ್ತು, ಏನಾಯ್ತು" ಅಂತ ಕೇಳಿಸಿಕೊಳ್ಳುವವನು ಆ ಹುಡುಗ.

ಬರುವ ಶನಿವಾರ ಅವನನ್ನು ಕರೆದುಕೊಂಡು ಕ್ಯಾಂಪಸ್ಸಿಗೆ ಬಾ. ಮಗಳು ಸುಝಾಲೋ ಲೈಬ್ರರಿಯ ಬಾಗಿಲಲ್ಲಿ ಹನ್ನೊಂದಕ್ಕೆ ಕಾಯುತ್ತಾಳೆ. ಅವನೊಬ್ಬನನ್ನೇ ಅವಳ ಜೊತೆ ಬಿಡು, ಏನು ಬೇಕಾದರೂ ಕೇಳಿಕೊಳ್ಳಲಿ, ನಮ್ಮನ್ನು ಬೈದುಕೊಂಡರೂ ಸರಿ. ನಾವಿಬ್ಬರೂ ಅಷ್ಟು ಹೊತ್ತು ಮಾಂಟ್‌ಲೇಕ್ ಕಾಲುವೆ ಪಕ್ಕ ನಡೆಯೋಣ. ಆ ನದಿಯನ್ನು ಕೊಂದ ಕಾಲುವೆ ಅದೇ. ಫ್ಲಾಸ್ಕಿನಲ್ಲಿ ಕಾಫಿ ನಾನು ತರುತ್ತೇನೆ, ನೀನು ಚಕ್ಕುಲಿ ತಾ.

ನಿನ್ನ ಗೆಳೆಯ