ಹೌಸ್‌ಬೋಟ್ ಬರ್ಲಿ, ಆದ್ರೆ ಸಂಡಾಸಿನ ಡಬ್ಬ ಎಲ್ಲಿ ಖಾಲಿ ಮಾಡ್ತೀರಿ?

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣಿಯಲ್ಲಿ ಶರಾವತಿ ಹಿನ್ನೀರಲ್ಲಿ ಹೌಸ್‌ಬೋಟ್ ಬಿಟ್ರೆ ಕೇರಳಾನೇ ಮೀರಿಸಬಹುದು ಅಂತ ಬರೆದಿದ್ರಲ್ಲ, ಎಸಿ ರೂಮು, ಡೆಕ್ ಮೇಲೆ ರಾತ್ರಿ ಊಟ, ಎಲ್ಲಾ ಓದಿದೆ, ಫೋಟೋನೂ ಚೆನ್ನಾಗಿತ್ತು. ಅಷ್ಟುದ್ದದ ಲೇಖನದಲ್ಲಿ ಒಂದೇ ಒಂದು ವಿಷಯ ಕಾಣ್ಲಿಲ್ಲ, ಸಂಡಾಸು ಎಲ್ಲಿಗೆ ಹೋಗುತ್ತೆ ಅಂತ. ನಗಬೇಡಿ ಮಾರಾಯ್ರೆ. ಹೋದ ವರ್ಷದ ತನಕ ನಾನೂ ಕೇಳ್ತಿರ್ಲಿಲ್ಲ. ಇಂಗ್ಲೆಂಡಲ್ಲಿ ನಾಲ್ಕು ರಾತ್ರಿ ದೋಣಿಯಲ್ಲಿ ಇದ್ದು, ಆ ಡಬ್ಬ ಹಿಡ್ಕೊಂಡು ಕಾಲುವೆ ದಂಡೆಯಲ್ಲಿ ನಡೆದು ಬಂದ ಮೇಲೆ ಈಗ ಯಾವ ದೋಣಿ ಕಂಡ್ರೂ ಮೊದಲು ಅದೇ ತಲೆಗೆ ಬರೋದು.

ಮಗಳು ಬರ್ಮಿಂಗ್‌ಹ್ಯಾಮ್ ಹತ್ರ ಇರೋದು. ಅಪ್ಪ ಅಮ್ಮ ಬಂದಿದ್ದಾರಲ್ಲ ಅಂತ ದೋಣಿ ಬಾಡಿಗೆಗೆ ತಗೊಂಡಿದ್ಳು. ನಾವಿಬ್ರೂ ಎಷ್ಟೋ ವರ್ಷದ ಹಿಂದೆ ಆಲಪ್ಪುಳದ ಹೌಸ್‌ಬೋಟಲ್ಲಿ ಒಂದು ರಾತ್ರಿ ಇದ್ದು ಬಂದವರು, ಅಲ್ಲಿ ಓಡಿಸೋಕೆ ಒಬ್ಬ, ಅಡುಗೆಗೆ ಒಬ್ಬ, ಹಗ್ಗ ಕಟ್ಟೋಕೆ ಒಬ್ಬ, ನಾವು ಕಾಲು ಚಾಚಿ ಕೂತ್ಕೊಂಡು ತೆಂಗಿನ ಮರ ನೋಡೋದೊಂದೇ ಕೆಲಸ. ಇದೂ ಹಾಗೇ ಇರುತ್ತೆ ಅಂದ್ಕೊಂಡು ಎಲ್ಸ್‌ಮಿಯರ್ ಅನ್ನೋ ಊರಿನ ಹತ್ರ ದೋಣಿ ಹತ್ತಿ, ಡ್ರೈವರ್ ಎಲ್ಲಿ ಅಂತ ಕೇಳಿದೆ. ಅಳಿಯ ತನ್ನ ಎದೆ ತೋರಿಸ್ದ. ಲೈಸೆನ್ಸೂ ಬೇಡ ಏನೂ ಬೇಡ, ಬಾಡಿಗೆ ಕೊಡೋನು ಅರ್ಧ ಗಂಟೆ ಹೇಳ್ಕೊಟ್ಟು, ಒಂದಿಷ್ಟು ದೂರ ಜೊತೆಗೆ ಬಂದು, ದಂಡೆಗೆ ಹಾರಿ ಟಾಟಾ ಮಾಡಿ ಹೋದ!

ನ್ಯಾರೋಬೋಟ್ ಅಂತಾರೆ ಅದಕ್ಕೆ. ಉದ್ದ 58 ಅಡಿ, ಅಗಲ ಬರೀ 6 ಅಡಿ 10 ಇಂಚು, ಅಂದ್ರೆ ಒಂದೂವರೆ ಬಸ್ಸಿನಷ್ಟು ಉದ್ದ ಆದ್ರೆ ಬಸ್ಸಿಗಿಂತ ಸಪೂರ. 18ನೇ ಶತಮಾನದಲ್ಲಿ ಕಲ್ಲಿದ್ದಲು, ಕಬ್ಬಿಣ, ಸುಣ್ಣದಕಲ್ಲು ಸಾಗಿಸೋಕೆ ಈ ಕಾಲುವೆಗಳನ್ನ ತೋಡಿದ್ದು, ಕುದುರೆ ದಂಡೆ ಮೇಲೆ ನಡೀತಾ ದೋಣಿ ಎಳೀತಿತ್ತು, ಆಗ ಕಟ್ಟಿದ ಲಾಕುಗಳ (ದೋಣಿ ಏರಿಸಿ ಇಳಿಸೋ ಬಾಗಿಲಿನ ತೊಟ್ಟಿ) ಅಗಲ ಏಳಡಿ, ಅದಕ್ಕೇ ದೋಣಿ ಇವತ್ತಿಗೂ ಅಷ್ಟೇ ಅಗಲ. ರೈಲು ಬಂದು ಕಾಲುವೆ ವ್ಯಾಪಾರ ಕುಸೀತು, ಎಷ್ಟೋ ಕಾಲುವೆ ಹೂಳು ತುಂಬಿ ಹಾಳಾದ್ವು. 1946ರಲ್ಲಿ ಕೆಲವರು ಸೇರಿ ಸಂಘ ಕಟ್ಕೊಂಡು ಕಾಲುವೆ ಮುಚ್ಚಬೇಡಿ ಅಂತ ಗಲಾಟೆ ಶುರು ಮಾಡಿದ್ರು, ಅವರ ಹಠದಿಂದಾನೇ ಎಷ್ಟೋ ಉಳೀತು. ಈಗ ಇಂಗ್ಲೆಂಡು ವೇಲ್ಸು ಸೇರಿ ಸುಮಾರು 2000 ಮೈಲಿ ಜಲಮಾರ್ಗ ನೋಡ್ಕೊಳ್ಳೋದು 2012ರಲ್ಲಿ ಶುರುವಾದ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಅನ್ನೋ ಸಂಸ್ಥೆ.

ಒಳಗೆ ಓಣಿ ಇದ್ದ ಹಾಗೆ. ಹೆಂಡತಿ ಒಲೆ ಮುಂದೆ ನಿಂತ್ರೆ ಆ ಕಡೆಯವರು ಆ ಕಡೆ, ಈ ಕಡೆಯವರು ಈ ಕಡೆ. ಮೊದಲ ದಿನ ಸಾರಿನ ಒಗ್ಗರಣೆಗೆ ಮೆಣಸಿನಕಾಯಿ ಬಿದ್ದಿದ್ದೇ ತಡ ಸ್ಮೋಕ್ ಅಲಾರಂ ಕಿರುಚೋಕೆ ಶುರು, ಹಿಂದಿನ ದೋಣಿಯವರು ಹೊರಗೆ ಬಂದು ನೋಡಿದ್ರು, ಮರುದಿನದಿಂದ ಒಗ್ಗರಣೆ ಹೊತ್ತಿಗೆ ಕಿಟಕಿ ಬಾಗಿಲು ಎಲ್ಲಾ ತೆಗೆದು ನಾನು ಅಲಾರಂ ಕೆಳಗೆ ಪೇಪರ್ ಬೀಸ್ತಾ ನಿಲ್ಲೋದು ಅಂತ ಆಯ್ತು. ಸಂಜೆ ಎಲ್ಲಿ ಬೇಕೋ ಅಲ್ಲಿ ದಂಡೆಗೆ ಹಚ್ಚಿ, ಎರಡು ಕಬ್ಬಿಣದ ಗೂಟ ಹೊಡೆದು ಹಗ್ಗ ಕಟ್ಟಿದ್ರೆ ಮುಗೀತು, ದನ ಕಟ್ಟಿದ ಹಾಗೇನೇ. ರಾತ್ರಿ ಎಂಟರಿಂದ ಬೆಳಗ್ಗೆ ಎಂಟರ ತನಕ ಕಟ್ಟಿದ ದೋಣಿಯಲ್ಲಿ ಇಂಜಿನ್ ಓಡಿಸೋ ಹಾಗಿಲ್ಲ. ಅಷ್ಟು ನಿಶ್ಶಬ್ದದಲ್ಲಿ ನಾನು ಮಲಗಿದ್ದು ಚಿಕ್ಕವನಿದ್ದಾಗ ಇರ್ಬೇಕು.

ವೇಗ ಕೇಳ್ಬೇಡಿ. ಗಂಟೆಗೆ ನಾಲ್ಕು ಮೈಲಿ ಮೀರೋ ಹಾಗಿಲ್ಲ, ಕಟ್ಟಿರೋ ದೋಣಿ ಪಕ್ಕ ಹೋಗುವಾಗ ಅದಕ್ಕಿಂತ ನಿಧಾನ, ಇಲ್ಲಾಂದ್ರೆ ಒಳಗಿಂದ ತಲೆ ಹೊರಗೆ ಹಾಕಿ ಬೈತಾರೆ. ದಂಡೆಯಲ್ಲಿ ನಾಯಿ ಕರ್ಕೊಂಡು ಹೊರಟ ಮುದುಕಿಯೊಬ್ಬರು ನಮ್ಮನ್ನ ಎರಡು ಸಲ ಹಿಂದೆ ಹಾಕಿದ್ರು. ಚುಕ್ಕಾಣಿ ಎಡಕ್ಕೆ ತಳ್ಳಿದ್ರೆ ದೋಣಿ ಬಲಕ್ಕೆ, ಅದೂ ಐದಾರು ಸೆಕೆಂಡ್ ಬಿಟ್ಟು, ಹಾಗಾಗಿ ಅಳಿಯ ಮೊದಲ ದಿನ ಪೊದೆಗೆ ನುಗ್ಗಿಸಿದ್ದೇ ಹೆಚ್ಚು.

ಲಾಕ್ ಅಂದ್ರೆ ನೀರಿನ ಮೆಟ್ಟಿಲು. ಕೆಳಗಿನ ಬಾಗಿಲಿಂದ ದೋಣಿ ಒಳಗೆ ಬಿಟ್ಟು, ಬಾಗಿಲು ಮುಚ್ಚಿ, ಮೇಲಿನ ತೂಬು ನಿಧಾನಕ್ಕೆ ಎತ್ತಿದ್ರೆ ನೀರು ತುಂಬ್ತಾ ದೋಣಿ ತಾನಾಗೇ ಏರುತ್ತೆ, ಆಮೇಲೆ ಮೇಲಿನ ಬಾಗಿಲು ತೆಗೆದು ಮುಂದಕ್ಕೆ. ಕರೆಂಟಿಲ್ಲ, ಕೆಲಸದವರಿಲ್ಲ, ಎಲ್ಲಾ ನಾವೇ. ನನ್ನ ಕೈಗೆ ವಿಂಡ್‌ಲಾಸ್ ಅಂತ ಒಂದು ಕಬ್ಬಿಣದ ಹಿಡಿಕೆ ಕೊಟ್ಟಿದ್ರು, ಅದನ್ನ ಹಲ್ಲಿನ ಚಕ್ರಕ್ಕೆ ಸಿಕ್ಕಿಸಿ ಟಕ್ ಟಕ್ ಅಂತ ತಿರುವಿದ್ರೆ ತೂಬು ಏಳುತ್ತೆ, ನಮ್ಮ ಕೆರೆ ತೂಬು ಕಂಡವರಿಗೆ ಇದು ಹೊಸತಲ್ಲ. ಬಾಗಿಲು ತೆಗೆಯೋಕೆ ಉದ್ದದ ಮರದ ತೊಲೆ ಇರುತ್ತೆ, ಕೈಯಲ್ಲಿ ನೂಕಿದ್ರೆ ಅಲುಗಾಡಲ್ಲ, ಅದಕ್ಕೆ ಸೊಂಟ ಕೊಟ್ಟು ಹಿಂದಕ್ಕೆ ಒರಗಿ ಕಾಲು ಊರಿ ನಿಲ್ಬೇಕು, ಎರಡೂ ಕಡೆ ನೀರು ಸಮ ಆಗೋ ತನಕ ಆನೆ ನೂಕಿದ್ರೂ ಆಗಲ್ಲ, ಸಮ ಆದ ಕ್ಷಣ ಅಷ್ಟು ದೊಡ್ಡ ಬಾಗಿಲು ಬೆಣ್ಣೆ ಥರ ಸರಿಯುತ್ತೆ. ಒಂದು ಸಲ ದೋಣಿ ದಾಟಿಸೋಕೆ ಲಕ್ಷ ಲೀಟರಿಗೂ ಮೇಲೆ ನೀರು ಕೆಳಗಿಳಿಯುತ್ತೆ, ಹಾಗಾಗಿ ಎದುರಿಂದ ಯಾರಾದ್ರೂ ಬರ್ತಿದ್ರೆ ಕಾದು, ಅದೇ ನೀರಲ್ಲಿ ಅವರನ್ನೂ ಇಳಿಸಿ ಆಮೇಲೆ ನಾವು ಹತ್ತೋದು ಅಲ್ಲಿನ ಮರ್ಯಾದೆ. ವಾಪಸ್ ಇಳಿಯುವಾಗ ಮಾತ್ರ ಎದೆ ಢವಢವ, ಮೇಲಿನ ಬಾಗಿಲ ಬುಡದಲ್ಲಿ ಒಂದು ಕಲ್ಲಿನ ಹೊಸ್ತಿಲು ಇರುತ್ತೆ, ದೋಣಿಯ ಹಿಂಭಾಗ ಅದರ ಮೇಲೆ ಕೂತ್ಬಿಟ್ರೆ ನೀರು ಇಳಿದ ಹಾಗೆ ಮೂತಿ ಮುಳುಗುತ್ತೆ. ಗೋಡೆ ಮೇಲೆ ಬಿಳಿ ಗೆರೆ ಎಳೆದಿರ್ತಾರೆ, ಅದಕ್ಕಿಂತ ಮುಂದೆ ಇರ್ಬೇಕು.

ಪಾಂಟ್‌ಕುಸುಲ್ತೆ ಸೇತುವೆ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗ್ತೀನಿ. 1805ರಲ್ಲಿ ತೆರೆದದ್ದು, ಟೆಲ್ಫರ್ಡ್ ಮತ್ತೆ ಜೆಸ್ಸಪ್ ಅನ್ನೋ ಇಂಜಿನಿಯರುಗಳ ಕೆಲಸ, 2009ರಿಂದ ವಿಶ್ವ ಪರಂಪರೆ ಪಟ್ಟಿಯಲ್ಲಿದೆ. ಡೀ ನದಿ ಕಣಿವೆ ಮೇಲೆ 38 ಮೀಟರ್ ಎತ್ತರದಲ್ಲಿ 307 ಮೀಟರ್ ಉದ್ದದ ಎರಕದ ಕಬ್ಬಿಣದ ತೊಟ್ಟಿ, ಅದರೊಳಗೆ ನೀರು, ನೀರಲ್ಲಿ ನಮ್ಮ ದೋಣಿ. ಒಂದು ಕಡೆ ನಡೆಯೋ ದಾರಿ, ಅದಕ್ಕೆ ಕಟಾಂಜನ ಇದೆ, ಇನ್ನೊಂದು ಕಡೆ ಏನೂ ಇಲ್ಲ, ತೊಟ್ಟಿಯ ಅಂಚು ನೀರಿಗಿಂತ ಒಂದು ಗೇಣೂ ಮೇಲಿರಲ್ಲ. ನಾನು ಹಿಂದೆ ಚುಕ್ಕಾಣಿ ಹತ್ರ ಕಂಬಿ ಹಿಡ್ಕೊಂಡು ರಾಘವೇಂದ್ರ ಸ್ತೋತ್ರ ಶುರು ಮಾಡಿದ್ದೆ, ಹೆಂಡತಿ ಒಳಗೆ ಬೀನ್ಸ್ ಹೆಚ್ಚುತ್ತಾ ಇದ್ದವಳು ಕಿಟಕಿಯಿಂದ ಬಗ್ಗಿ ನೋಡಿ, "ರೀ, ಈ ಕಡೆ ನೀರೇ ಇಲ್ಲ!" ಅಂತ ಕೂಗಿದ್ಳು.

ಈಗ ವಿಷಯಕ್ಕೆ ಬರ್ತೀನಿ. ಆ ದೋಣಿಯಲ್ಲಿ ಕಮೋಡಿನ ಕೆಳಗೆ ಒಂದು ಪ್ಲಾಸ್ಟಿಕ್ ಡಬ್ಬ, ಸೂಟ್‌ಕೇಸ್ ಥರ, ಹಿಡಿಕೆ ಬೇರೆ ಇದೆ, ನೀಲಿ ಔಷಧಿ ಹಾಕಿಟ್ಟಿರ್ತಾರೆ. ಕ್ಯಾಸೆಟ್ ಅಂತಾರೆ, ಹಾಡು ಕೇಳೋದಲ್ಲ. ನಾಲ್ಕು ಜನಕ್ಕೆ ಒಂದೊಂದೂವರೆ ದಿನದಲ್ಲಿ ತುಂಬುತ್ತೆ. ತುಂಬಿದ ಮೇಲೆ ನಕ್ಷೆ ನೋಡ್ಕೊಂಡು, ಖಾಲಿ ಮಾಡೋ ಜಾಗ ಇರೋ ಕಡೆ ದೋಣಿ ನಿಲ್ಲಿಸಿ, ಅಲ್ಲಿನ ಕಟ್ಟೆಗೆ ಸುರಿದು, ತೊಳೆದು, ಮತ್ತೆ ಔಷಧಿ ಹಾಕಿ ತರ್ಬೇಕು. ಕೆಲವು ದೋಣಿಯಲ್ಲಿ ದೊಡ್ಡ ಟ್ಯಾಂಕೇ ಇರುತ್ತಂತೆ, ಅದನ್ನ ದುಡ್ಡು ಕೊಟ್ಟು ಪಂಪ್ ಹಾಕಿಸಿ ಎಳೆಸಬೇಕು. ಯಾವುದಾದ್ರೂ ಸರಿ, ಕಾಲುವೆಗೆ ಬಿಡೋ ಹಾಗಿಲ್ಲ. ಪಾತ್ರೆ ತೊಳೆದ ನೀರು, ಸ್ನಾನದ ನೀರು ಮಾತ್ರ ಸೀದಾ ಕಾಲುವೆಗೇ ಹೋಗುತ್ತೆ, ಅದು ನನಗೆ ಸರಿ ಕಾಣ್ಲಿಲ್ಲ, ಅದನ್ನೂ ಹೇಳ್ಬಿಡ್ತೀನಿ.

ಮೊದಲ ಸಲ ಅಳಿಯ ತಗೊಂಡು ಹೋದ. ಎರಡನೇ ಸಲ ಅವನು ಕೈ ಹಾಕುವಾಗ ನನಗೆ ಹೇಗೋ ಆಯ್ತು, ಮಾವನ ಸಂಡಾಸು ಅಳಿಯನ ಕೈಲಿ ಹೊರಿಸೋದಾ ಅಂತ, ಕೊಡಪ್ಪಾ ಅಂತ ಕಿತ್ಕೊಂಡು ಹೊರಟೆ. ಭಾರ ಅಂದ್ರೆ ಭಾರ, ಒಳಗೆ ಗುಳುಗುಳು ಸದ್ದು, ಕೈ ಬದಲಾಯಿಸುವಾಗ ಎಲ್ಲಿ ಮುಚ್ಚಳ ಬಿಚ್ಚುತ್ತೋ ಅಂತ ಭಯ. ಅರವತ್ತಾರು ವರ್ಷದಲ್ಲಿ ನಾನು ಈ ಕೆಲಸ ಮಾಡಿದ್ದು ಅದೇ ಮೊದಲು, ಅಲ್ಲಿ ತನಕ ನನ್ನ ಪಾಲಿನದ್ದನ್ನ ಯಾರ್ಯಾರೋ ಮಾಡಿದ್ದಾರೆ, ಅವರ ಹೆಸರೂ ನನಗೆ ಗೊತ್ತಿಲ್ಲ. ಅಲ್ಲಿ ನನ್ನ ಮುಂದೆ ಒಬ್ಬರು ವಯಸ್ಸಾದವರು, ತಲೆಗೆ ಒಳ್ಳೇ ಟೋಪಿ, ಕೈಯಲ್ಲಿ ಅವರದ್ದೊಂದು ಡಬ್ಬ, ಮದುವೆ ಮನೆ ಪಂಕ್ತಿಗೆ ಕಾಯ್ತಾ ಇರೋ ಹಾಗೆ ಆರಾಮಾಗಿ ನಿಂತು ನಾಳೆ ಮಳೆ ಬರುತ್ತೆ ಅಂತ ಮಾತು ತೆಗೆದ್ರು.

ಅವರು ವರ್ಷಪೂರ್ತಿ ದೋಣಿಯಲ್ಲೇ ಇರೋರು. ಹೆಂಡತಿ ತೀರ್ಕೊಂಡ ಮೇಲೆ ಮನೆ ಮಾರಿದ್ರಂತೆ. ದೋಣಿ ಮೇಲೆ ಸೌದೆ, ಕಲ್ಲಿದ್ದಲ ಮೂಟೆ, ಸೈಕಲ್ಲು, ಒಂದು ಕುಂಡದಲ್ಲಿ ಪುದೀನ. ಸ್ವಂತ ಕಟ್ಟೋ ಜಾಗ ಇಲ್ಲದವರು ಒಂದೇ ಕಡೆ 14 ದಿನಕ್ಕಿಂತ ಹೆಚ್ಚು ನಿಲ್ಲೋ ಹಾಗಿಲ್ಲ ಅಂತ 1995ರ ಕಾನೂನೇ ಇದೆಯಂತೆ, ಹಾಗಾಗಿ ಅವರಿಗೆ ವಿಳಾಸ ಅಂತ ಇಲ್ಲ, ಡಾಕ್ಟರ ಹತ್ರ ಹೆಸರು ಬರೆಸೋದೂ ಒಂದು ರಾಮಾಯಣ. ಬಿಗಿ ಚಳಿಯಲ್ಲಿ ನಲ್ಲಿ ಹೆಪ್ಪುಗಟ್ಟಿದ್ರೆ ನೀರಿಗೂ ಪರದಾಟ. ನಾನು ಅವರಿಗೆ, ರಾತ್ರಿ ಹೊತ್ತು ಯಾರೂ ನೋಡದಾಗ ಕಾಲುವೆಗೇ ಸುರಿದ್ರೆ ಯಾರಿಗೆ ಗೊತ್ತಾಗುತ್ತೆ ಅಂತ ಕೇಳಿದೆ, ನಮ್ಮ ಬುದ್ಧಿ ನೋಡಿ. ಅವರು ನನ್ನನ್ನೇ ಒಂದು ಕ್ಷಣ ನೋಡಿ, ಈ ನೀರು ಎಲ್ಲಿಗೆ ಹೋಗುತ್ತೆ ಗೊತ್ತಾ ಅಂದ್ರು. ನಾವು ಹೋಗ್ತಿದ್ದ ಈ ಲಾಂಗೋಲೆನ್ ಕಾಲುವೆ ಬೇರೆ ಕಾಲುವೆಗಳ ಥರ ನಿಂತ ನೀರಲ್ಲ, ಡೀ ನದಿಯ ನೀರು ಇದರಲ್ಲೇ ಹರಿದು ಹರ್ಲ್‌ಸ್ಟನ್ ಜಲಾಶಯಕ್ಕೆ ಹೋಗಿ ಊರುಗಳಿಗೆ ಕುಡಿಯೋ ನೀರಾಗುತ್ತೆ. ಹೋಗುವಾಗ ದೋಣಿ ಯಾಕೋ ತಡೀತಿದೆ ಅನ್ನಿಸಿದ್ದು ಅದಕ್ಕೇ, ನಾವು ಹರಿವಿಗೆ ಎದುರು ಹೋಗ್ತಿದ್ವಿ.

ಸಂಪಾದಕರೇ, ನಮ್ಮದು ಮುಳುಗಡೆ ಕುಟುಂಬ. ಲಿಂಗನಮಕ್ಕಿ ಡ್ಯಾಮ್ ಮುಗಿದಿದ್ದು 1964ರಲ್ಲಿ, ನನಗಾಗ ಐದು ವರ್ಷ. ನಿಮ್ಮ ಲೇಖಕರು ಕ್ಯಾಂಡಲ್ ಹಚ್ಚೋಕೆ ಹೊರಟಿರೋ ನೀರಿನ ಕೆಳಗೆ ನಮ್ಮಜ್ಜನ ಅಡಿಕೆ ತೋಟ ಇದೆ. ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ 2025ರ ಜುಲೈಯಲ್ಲಿ ಶುರುವಾಯ್ತು, ತುಮರಿ ಕಡೆಯವರು ಲಾಂಚಿಗೆ ಕಾದು ಸವೆದ ದಿನ ಮುಗೀತು, ಅದು ಬಹಳ ಒಳ್ಳೇದಾಯ್ತು. ಈಗ ಹಿನ್ನೀರು ಖಾಲಿ ಬಿದ್ದಿದೆ, ಪ್ರವಾಸೋದ್ಯಮ ಮಾಡೋಣ ಅನ್ನೋರಿಗೆ ನಾನು ಅಡ್ಡಗಾಲು ಹಾಕ್ತಿಲ್ಲ, ನಮ್ಮ ಹುಡುಗರಿಗೂ ಕೆಲಸ ಬೇಕು.

ಆದ್ರೆ ಈ ಹೊಳೆ ಆಲಪ್ಪುಳದ ಥರ ಅಲ್ಲ. ಮಳೆಗಾಲದ ಕೊನೆಗೆ ತುಂಬಿ ತುಳುಕೋ ನೀರು ಮೇ ತಿಂಗಳಿಗೆ ಎಲ್ಲಿಗೆ ಇಳಿದಿರುತ್ತೆ ನೋಡಿದ್ದೀರಾ? ಲಾಂಚ್ ಇದ್ದಾಗಲೇ ಬೇಸಿಗೆಯಲ್ಲಿ ನೀರು ಸಾಲದೆ ವಾಹನ ಹತ್ತಿಸೋದು ನಿಲ್ಲಿಸ್ತಿದ್ರು. ದಡ ಹಿಂದಕ್ಕೆ ಹೋಗಿ ಕೆಸರು, ಒಣಗಿದ ಮರದ ಬೊಡ್ಡೆ ಮೇಲೇಳುತ್ತೆ. ಹೌಸ್‌ಬೋಟಿನ ಟ್ಯಾಂಕು ಎಳೆಯೋ ಪಂಪು ಎಲ್ಲಿಡ್ತೀರಿ, ಸೆಪ್ಟೆಂಬರಿನ ದಡಕ್ಕೋ ಮೇ ತಿಂಗಳಿನ ದಡಕ್ಕೋ? ದೋಣಿ ಅಲ್ಲಿ ತನಕ ಬರೋಕಾಗದ ದಿನ ಟ್ಯಾಂಕ್ ತುಂಬಿದ್ರೆ ಮ್ಯಾನೇಜರ್ ಏನು ಹೇಳ್ತಾನೆ, ಯಾವ ಹುಡುಗನನ್ನ ಕರೀತಾನೆ, ಅವನು ಯಾರ ಮನೆಯವನು ಅನ್ನೋದು ನಮಗೆಲ್ಲಾ ಗೊತ್ತೇ ಇದೆ. ಆಲಪ್ಪುಳದ ವೇಂಬನಾಡ್ ಕೆರೆ ಕೆಟ್ಟಿದ್ದರಲ್ಲಿ ಹೌಸ್‌ಬೋಟಿನ ಪಾಲೂ ಇದೆ ಅಂತ ಅಲ್ಲಿನವರೇ ಹೇಳ್ತಾರೆ, ಅದು 2002ರಿಂದ ರಾಮ್ಸಾರ್ ಪಟ್ಟಿ, ಅಂದ್ರೆ ಜಗತ್ತಿನ ಮುಖ್ಯ ಜೌಗು ನೆಲಗಳ ಪಟ್ಟಿಯಲ್ಲಿರೋ ಕೆರೆ, ಆದ್ರೂ. ಇತ್ಲಾಗೆ ಇದೇ ಶರಾವತಿ ನೀರನ್ನ ಬೆಂಗಳೂರಿಗೆ ಕುಡಿಯೋಕೆ ಒಯ್ಯೋ ಮಾತು ಬಂದು 2019ರಲ್ಲಿ ನಾವೆಲ್ಲಾ ಬೀದಿಗಿಳಿದಿದ್ವಿ. ಒಯ್ಯೋದು ಬೇಡ ಅಂತಾನೇ ನಾನೂ ಅನ್ನೋದು, ಆದ್ರೆ ಒಂದು ಕಡೆ ಕುಡಿಯೋ ನೀರು ಅನ್ನೋದು, ಇನ್ನೊಂದು ಕಡೆ ಅದ್ರಲ್ಲೇ ಎಸಿ ಬೋಟ್ ಬಿಡ್ತೀವಿ ಅನ್ನೋದು, ಟ್ಯಾಂಕ್ ವಿಷಯ ಯಾರೂ ಬಾಯಿ ಬಿಡಲ್ಲ ಅನ್ನೋದು ಎಂಥ ಲೆಕ್ಕ?

ನಿಮ್ಮ ವರದಿಗಾರರು ಮುಂದಿನ ಸಲ ಸಾಗರಕ್ಕೆ ಬಂದು ಅಧಿಕಾರಿಗಳನ್ನ ಮಾತಾಡಿಸುವಾಗ ಎಷ್ಟು ರೂಮು, ಎಷ್ಟು ಕೋಟಿ ಅಂತ ಕೇಳೋ ಮೊದಲು ಖಾಲಿ ಮಾಡೋ ಜಾಗ ತೋರಿಸಿ ಅಂತ ಕೇಳ್ಲಿ. ತೋರಿಸಿದ್ರೆ ಅದರ ಫೋಟೋನೂ ಹಾಕಿ, ಮೊದಲ ಬೋಟಿಗೆ ಟಿಕೆಟ್ ತಗೊಳ್ಳೋನು ನಾನೇ.

ಇಂತಿ,
ನಿಮ್ಮ ಹಳೇ ಓದುಗ, ಸಾಗರ

ತಾ.ಕ.: ಮಗಳು ತೆಗೆದ ಎರಡು ಫೋಟೋ ಜೊತೆಗೆ ಕಳಿಸಿದ್ದೀನಿ. ಸೇತುವೆ ಮೇಲಿನದ್ದು ಬೇಕಾದ್ರೆ ಹಾಕಿ. ನಾನು ಡಬ್ಬ ಹಿಡ್ಕೊಂಡಿರೋದು ಹಾಕ್ಬೇಡಿ ಅಂತ ಮನೆಯವಳು ಹೇಳ್ತಿದ್ದಾಳೆ, ನನಗೇನೂ ಅಭ್ಯಂತರ ಇಲ್ಲ.