ಕಡಲಲ್ಲೂ ಗಡಿಗೆರೆ ಬೇಕು

ಮಾನ್ಯರೇ,

ನಕ್ಷೆಯ ಮಾಹಿತಿ ಹುಡುಕುವಾಗ ನಾವು ಜಿಲ್ಲೆಯ ಹೆಸರು ಕೊಡುತ್ತೇವೆ. ಆ ಜಿಲ್ಲೆಯ ಗಡಿಗೆರೆಯೊಳಗೆ ಬಿದ್ದದ್ದನ್ನು ಮಾತ್ರ ಕಂಪ್ಯೂಟರ್ ತೋರಿಸುತ್ತದೆ. ಕರಾವಳಿಯಲ್ಲಿ ತೊಂದರೆ ಶುರುವಾಗುವುದೇ ಇಲ್ಲಿ. ಗೆರೆಯನ್ನು ದಡದುದ್ದಕ್ಕೆ ಎಳೆದು ಮುಗಿಸಿಬಿಟ್ಟರೆ, ಮಲ್ಪೆಯ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪ ಉಡುಪಿಯ ಲೆಕ್ಕದಿಂದ ತಪ್ಪಿಹೋಗುತ್ತದೆ. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದ್ದೂ ಅದೇ ಕಥೆ. ಮೀನುಗಾರಿಕೆಯ ಮೇಲೆ ರಾಜ್ಯದ ಅಧಿಕಾರ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿ.ಮೀ.ವರೆಗೆ ಇದೆ. ನಕ್ಷೆ ಮಾತ್ರ ಮರಳಿಗೇ ನಿಂತರೆ ಹೇಗೆ?

ದಡವೂ ಸುಮ್ನೆ ಕೂರುವುದಿಲ್ಲ ಬಿಡಿ. ಮಳೆಗಾಲ ಬಂದರೆ ಕಡಲ್ಕೊರೆತ, ಅಳಿವೆಬಾಗಿಲಲ್ಲಿ ಮರಳು ದಿಬ್ಬ. ಗೆರೆ ಹಳೆಯದಾದಷ್ಟೂ ತಪ್ಪು ಜಾಸ್ತಿ.

ಇನ್ನು 1997ಕ್ಕೆ ಮೊದಲು ಉಡುಪಿ ಜಿಲ್ಲೆಯೇ ಇರಲಿಲ್ಲ. 1990ರ ಮೀನಿನ ಲೆಕ್ಕ ಬೇಕಿದ್ದರೆ ದಕ್ಷಿಣ ಕನ್ನಡ ಅಂತಲೇ ಹುಡುಕಬೇಕು, ಅಲ್ವಾ? ಹೊಸದಾಗಿ ಹುಡುಕುವವರಿಗೆ ಇದನ್ನು ಹೇಳುವವರು ಯಾರು?

ಗಡಿ ನಕ್ಷೆ ಹೊರತರುವ ಇಲಾಖೆಗಳು ದ್ವೀಪಗಳನ್ನು ಆಯಾ ಜಿಲ್ಲೆಗೆ ಸೇರಿಸಲಿ. 12 ನಾಟಿಕಲ್ ಮೈಲಿಯ ಕಡಲಪಟ್ಟಿಯನ್ನು ಬೇರೆಯೇ ಪದರವಾಗಿ ಕೊಡಲಿ. ಪ್ರತಿ ಗಡಿಯ ಜೊತೆ ಅದು ಯಾವ ವರ್ಷದ್ದು ಅಂತ ನಮೂದಿಸಲಿ.

— ಓದುಗ, ಕುಂದಾಪುರ