ವಿಡಿಯೊ ಸಂಕಲನಕ್ಕೆ ಹೊಸ ಕಂಪ್ಯೂಟರ್: ಸದಸ್ಯರ ಗಮನಕ್ಕೆ

ಸದಸ್ಯರೆಲ್ಲರಿಗೂ ಶರಣು ಶರಣಾರ್ಥಿ. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಹಳೆಯ ಕಂಪ್ಯೂಟರ್ ಬದಲಿಸಲು ಹೊರಟವರು, ಮೊದಲು ತಮ್ಮ ಮೊಬೈಲ್ ಯಾವ ಬಗೆಯ ವಿಡಿಯೊ ತೆಗೆಯುತ್ತದೆ ಎಂಬುದನ್ನು ನೋಡಿಕೊಳ್ಳಬೇಕೆಂದು ಕೋರುತ್ತೇನೆ. ಶರಣಬಸವೇಶ್ವರರ ಜಾತ್ರೆಯ ತೇರನ್ನು 4ಕೆಯಲ್ಲಿ, ಅಂದರೆ ಅತಿ ಸ್ಪಷ್ಟ ಚಿತ್ರದ ಗುಣಮಟ್ಟದಲ್ಲಿ, ಚಿತ್ರಿಸಿದರೆ ಆ ಕಡತ ಅನೇಕ ಮೊಬೈಲ್‌ಗಳಲ್ಲಿ ಎಚ್.265 ಎಂಬ, ವಿಡಿಯೊವನ್ನು ಒತ್ತಿ ಚಿಕ್ಕದಾಗಿಸಿದ ರೂಪದಲ್ಲಿರುತ್ತದೆ, ಅದನ್ನು ಬಿಡಿಸುವ ಸೌಲಭ್ಯ ಪ್ರೊಸೆಸರ್‌ನಲ್ಲಾಗಲಿ ಗ್ರಾಫಿಕ್ಸ್ ಚಿಪ್‌ನಲ್ಲಾಗಲಿ ಇಲ್ಲದಿದ್ದರೆ, ಎಷ್ಟೇ ರ‍್ಯಾಮ್ ಹಾಕಿಸಿದರೂ ಸಂಕಲನದ ವೇಳೆ ಚಿತ್ರ ಸಾಮಾನ್ಯವಾಗಿ ತಡೆತಡೆದು ಓಡುತ್ತದೆ. ರ‍್ಯಾಮ್ 16 ಜಿಬಿಗಿಂತ ಕಡಿಮೆ ಬೇಡ. 4ಕೆಗೆ 32 ಇದ್ದರೆ ಒಳ್ಳೆಯದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಕಲಬುರಗಿಯಲ್ಲಿ ತೆಳು ಲ್ಯಾಪ್‌ಟಾಪ್‌ಗಳು ಕಾದು ವೇಗ ತಗ್ಗಿಸಿಕೊಳ್ಳುವುದರಿಂದ, ಮನೆಯಲ್ಲೇ ಕೆಲಸ ಮಾಡುವವರಿಗೆ ಯುಪಿಎಸ್ ಸಹಿತ ಡೆಸ್ಕ್‌ಟಾಪ್ ಮೇಲೆಂಬುದು ನನ್ನ ಖಚಿತ ಅಭಿಪ್ರಾಯ. ದುಡ್ಡು ಕೊಡುವ ಮುನ್ನ ತಮ್ಮದೇ ಒಂದು ವಿಡಿಯೊವನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು ಅಂಗಡಿಯಲ್ಲೇ ಓಡಿಸಿ ನೋಡಿರಿ.